ಶಿಕ್ಷಕರ ಸಂಶೋಧನಾ ಗುಂಪು ಯಾವ ಭಾಷೆಯಲ್ಲಿ ಮಾತಾಡಬೇಕು? ‘ದಿ ಟೀಚಿಂಗ್ ಗ್ಯಾಪ್’ ಪುಸ್ತಕದ ಒಂದು ಗಡಿನಾಡ ಓದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗ ಇದೆ.)

ನನಗೆ ಕೊಟ್ಟ ವಿಷಯ ‘ಶಿಕ್ಷಕರು ಗುಂಪಾಗಿ ಕೂತು ತಮ್ಮ ಪಾಠವನ್ನೇ ಸಂಶೋಧನೆ ಮಾಡುವುದು’. ಈ ವಿಷಯದ ಬಗ್ಗೆ ಯಾರು ಬರೆದರೂ ಹೆಸರಿಸುವ ಒಂದು ಪುಸ್ತಕ ಉಂಟು: ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ ಬರೆದ ‘ದಿ ಟೀಚಿಂಗ್ ಗ್ಯಾಪ್’, 1999ರದ್ದು. ಜಪಾನಿನ ‘ಜುಗ್ಯೋ ಕೆಂಕ್ಯೂ’, ಅಂದರೆ ಪಾಠ ಸಂಶೋಧನೆ, ಜಪಾನಿನ ಹೊರಗೆ ಇಷ್ಟು ಪ್ರಸಿದ್ಧ ಆದದ್ದಕ್ಕೆ ಈ ಪುಸ್ತಕ ಒಂದು ದೊಡ್ಡ ಕಾರಣ. ನಾನು ಇವತ್ತು ಈ ಪುಸ್ತಕವನ್ನು ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಯನ್ನು ಮನಸ್ಸಲ್ಲಿ ಇಟ್ಟುಕೊಂಡು ಓದ್ತೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೇನೆ. ಪಾಠ ಸಂಶೋಧನೆಯ ಜೀವ ಇರುವುದು ಭಾಷೆಯಲ್ಲಿ. ಪುಸ್ತಕ ಅದನ್ನು ಕಾಣಲಿಲ್ಲ, ಯಾಕೆಂದರೆ ಅದು ನೋಡಿದ ಕಡೆ ಶಿಕ್ಷಕರ ಭಾಷೆ, ಪುಸ್ತಕದ ಭಾಷೆ, ಮಗುವಿನ ಭಾಷೆ ಮೂರೂ ಒಂದೇ ಆಗಿತ್ತು. ನಮ್ಮಲ್ಲಿ ಈ ಮೂರೂ ಬೇರೆ ಬೇರೆ. ಹಾಗಾಗಿ ಆ ಮಾದರಿಯನ್ನು ಇದ್ದ ಹಾಗೇ ತಂದು ಕೂರಿಸಿದರೆ ಅದರ ಹೆಜ್ಜೆಗಳು ಉಳೀತವೆ, ಕೆಲಸ ನಡೆಯುವುದಿಲ್ಲ.

1. ಪುಸ್ತಕ ಹೇಳುವುದೇನು

ಮೊದಲು ಪುಸ್ತಕಕ್ಕೆ ನ್ಯಾಯ ಸಲ್ಲಿಸಬೇಕು. ಅದರ ಆಧಾರ ಟಿಮ್ಸ್ ಅಧ್ಯಯನದ ಅಂಗವಾಗಿ ನಡೆದ ವಿಡಿಯೋ ದಾಖಲೆ. 8ನೇ ತರಗತಿಯ ಗಣಿತ ಪಾಠಗಳು: ಜರ್ಮನಿಯ 100, ಅಮೆರಿಕದ 81, ಜಪಾನಿನ 50, ಒಟ್ಟು 231. ಇಷ್ಟು ತರಗತಿಗಳ ಒಳಗೆ ಕ್ಯಾಮರಾ ಇಟ್ಟು, ಪಾಠ ನಿಜಕ್ಕೂ ಹೇಗೆ ನಡೀತದೆ ಅಂತ ಅವರು ನೋಡಿದರು. ಶಿಕ್ಷಕರು ‘ನಾನು ಹೀಗೆ ಪಾಠ ಮಾಡ್ತೇನೆ’ ಅಂತ ತುಂಬಿಸಿ ಕೊಡುವ ಪ್ರಶ್ನಾವಳಿಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಅವರಿಗೆ ಕಂಡದ್ದು ಏನೆಂದರೆ, ಒಂದು ದೇಶದ ಒಳಗೆ ಪಾಠಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಇರ್ತವೆ. ದೇಶದಿಂದ ದೇಶಕ್ಕೆ ಅಚ್ಚು ಬದಲಾಗ್ತದೆ. ಅಮೆರಿಕದಲ್ಲಿ ಶಿಕ್ಷಕರು ವಿಧಾನ ತೋರಿಸಿ ಮಕ್ಕಳಿಂದ ಅದನ್ನೇ ಮತ್ತೆ ಮತ್ತೆ ಮಾಡಿಸುವುದು ಹೆಚ್ಚು. ಜಪಾನಿನಲ್ಲಿ ಮೊದಲು ಒಂದು ಸಮಸ್ಯೆ, ಆಮೇಲೆ ಮಕ್ಕಳ ಪ್ರಯತ್ನ, ಆಮೇಲೆ ಆ ಪ್ರಯತ್ನಗಳ ಬಗ್ಗೆ ಚರ್ಚೆ. ಇದರಿಂದ ಅವರು ತೆಗೆಯುವ ತೀರ್ಮಾನ: ಪಾಠ ಮಾಡುವುದು ಒಂದು ಸಾಂಸ್ಕೃತಿಕ ಕ್ರಿಯೆ. ನಾವು ಹದಿನೈದು ವರ್ಷ ಬೆಂಚಿನ ಮೇಲೆ ಕೂತು ಅದನ್ನು ಕಲಿತಿರ್ತೇವೆ, ಬಿ.ಎಡ್‌ಗೆ ಬರುವ ಹೊತ್ತಿಗೆ ಅಚ್ಚು ಆಗಿಯೇ ಇರ್ತದೆ. ಹಾಗಾಗಿ ಸುತ್ತೋಲೆ ಕಳಿಸಿದರೆ ಪಾಠ ಬದಲಾಗುವುದಿಲ್ಲ. ಶಿಕ್ಷಕರೇ ಸೇರಿ, ಒಂದೊಂದೇ ಪಾಠ ಹಿಡಿದು, ನಿಧಾನಕ್ಕೆ ಬದಲಾಯಿಸಬೇಕು.

ಅದಕ್ಕೆ ಅವರು ಕೊಡುವ ಮಾದರಿ ಜುಗ್ಯೋ ಕೆಂಕ್ಯೂ. ಸಮಸ್ಯೆ ಗುರುತಿಸುವುದು, ಪಾಠ ಯೋಜಿಸುವುದು, ಒಬ್ಬರು ಪಾಠ ಮಾಡುವಾಗ ಉಳಿದವರು ನೋಡುವುದು, ಚರ್ಚಿಸುವುದು, ತಿದ್ದುವುದು, ತಿದ್ದಿದ ಪಾಠವನ್ನು ಮತ್ತೆ ಮಾಡುವುದು, ಮತ್ತೆ ಚರ್ಚಿಸುವುದು, ಕೊನೆಗೆ ಫಲವನ್ನು ಬೇರೆಯವರಿಗೆ ತಿಳಿಸುವುದು. ಹೀಗೆ 8 ಹೆಜ್ಜೆ. ಇದರಲ್ಲಿ ನನಗೆ ಬಹಳ ಬೆಲೆಯುಳ್ಳದ್ದು ಅಂತ ಕಾಣುವುದು ಒಂದು ಅಂಶ: ಚರ್ಚೆ ಪಾಠದ ಮೇಲೆ ನಡೀತದೆ, ಪಾಠ ಮಾಡಿದ ಶಿಕ್ಷಕಿಯ ಮೇಲೆ ಅಲ್ಲ. ಪಾಠವನ್ನು ಎಲ್ಲರೂ ಸೇರಿ ಕಟ್ಟಿದ್ದರಿಂದ ಸೋಲು ಗೆಲುವು ಎಲ್ಲರದ್ದು. ನಮ್ಮಲ್ಲಿ ತರಗತಿಗೆ ಇನ್ನೊಬ್ಬರು ಬಂದು ಕೂತರು ಅಂದರೆ ‘ತನಿಖೆ’ ಅಂತಲೇ ಎದೆ ಹೊಡೀತದೆ. ಅಷ್ಟರ ಮಟ್ಟಿಗೆ ಪುಸ್ತಕ ನಮಗೂ ಬೇಕು.

2. ಪುಸ್ತಕ ಕಾಣದ ಭಾಷೆ

ಈಗ ಆ 8 ಹೆಜ್ಜೆಗಳ ಒಳಗೆ ಹೋಗಿ ನೋಡುವ. ಜಪಾನಿನ ಶಿಕ್ಷಕರಿಗೆ ಈ ಕೆಲಸದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಹೆಸರೇ ಇವೆ. ಪಾಠದ ವಸ್ತುವನ್ನು ಕೂಲಂಕಷವಾಗಿ ಅಭ್ಯಾಸ ಮಾಡುವುದು ‘ಕ್ಯೋಝಾಯ್ ಕೆಂಕ್ಯೂ’. ಮಕ್ಕಳನ್ನು ಯೋಚನೆಗೆ ಹಚ್ಚುವ ಮುಖ್ಯ ಪ್ರಶ್ನೆ ‘ಹತ್ಸುಮೋನ್’. ಮಕ್ಕಳು ಲೆಕ್ಕ ಮಾಡ್ತಿರುವಾಗ ಸಾಲುಗಳ ನಡುವೆ ನಡೆದು, ಯಾರು ಏನು ಬರೀತಿದ್ದಾರೆ ಅಂತ ನೋಡಿಕೊಳ್ಳುವುದು ‘ಕಿಕಾನ್ ಜುನ್ಷಿ’. ಹಲಗೆಯ ಮೇಲೆ ಏನು, ಎಲ್ಲಿ, ಯಾವ ಕ್ರಮದಲ್ಲಿ ಬರೆಯುವುದು ಎಂಬುದು ‘ಬಾನ್ಶೋ’.

ಈ ನಾಲ್ಕರಲ್ಲಿ ಭಾಷೆಯಿಲ್ಲದೆ ನಡೆಯುವುದು ಯಾವುದು ಹೇಳಿ? ಪ್ರಶ್ನೆಯಲ್ಲಿ ಯಾವ ಶಬ್ದ ಇಡಬೇಕು, ಮಗು ಏನಂತ ಉತ್ತರ ಕೊಡಬಹುದು, ಆ ಉತ್ತರವನ್ನು ಹಲಗೆಯ ಮೇಲೆ ಯಾರ ಮಾತಲ್ಲಿ ಬರೆಯಬೇಕು, ಎಲ್ಲವೂ ಭಾಷೆಯ ಕೆಲಸ. ಪುಸ್ತಕದಲ್ಲಿ ವಿವರಿಸಿದ ಒಂದು ಗುಂಪು 1ನೇ ತರಗತಿಯ ಕಳೆಯುವ ಲೆಕ್ಕಕ್ಕೆ ಯಾವ ಸಂಖ್ಯೆಗಳನ್ನು ಕೊಟ್ಟರೆ ಒಳ್ಳೇದು ಅಂತ ಚರ್ಚೆ ಮಾಡ್ತದೆ. ಓದುವಾಗ ಇದು ಶುದ್ಧ ಗಣಿತದ ಚರ್ಚೆ ಅನಿಸ್ತದೆ. ಆದರೆ ಜಪಾನೀ ಭಾಷೆಯಲ್ಲಿ 13 ಅಂದರೆ ‘ಜೂ ಸಾನ್’, ಅಂದರೆ ‘ಹತ್ತು ಮೂರು’. ಹತ್ತನ್ನು ಬಿಡಿಸಿ ಕಳೆಯುವ ದಾರಿ ಆ ಶಬ್ದದ ಒಳಗೇ ಇದೆ. ಇಂಗ್ಲಿಷಿನ ‘ಥರ್ಟೀನ್’ನಲ್ಲಿ ಅದು ಹಿಂದುಮುಂದು. ನಮ್ಮ ‘ಹದಿಮೂರು’ ಇಬ್ಬರ ನಡುವೆ ಎಲ್ಲೋ ಇದೆ: ಕ್ರಮ ಜಪಾನಿನದ್ದೇ, ಆದರೆ ‘ಹದಿ’ ಅಂದರೆ ಹತ್ತು ಅಂತ ಮಗುವಿಗೆ ಯಾರಾದರೂ ತೋರಿಸಿಕೊಡಬೇಕು. ಒಂದೇ ಲೆಕ್ಕ, ಮೂರು ಭಾಷೆಯಲ್ಲಿ ಮೂರು ಪಾಠ.

ಇನ್ನೊಂದು ತೊಂದರೆ ‘ಸಂಸ್ಕೃತಿ’ ಎಂಬ ಶಬ್ದದ್ದು. ಲೇಖಕರು ಸಂಸ್ಕೃತಿಯನ್ನು ದೇಶಕ್ಕೆ ಸಮ ಮಾಡಿಬಿಡ್ತಾರೆ: ಜಪಾನೀ ಪಾಠ, ಜರ್ಮನ್ ಪಾಠ, ಅಮೆರಿಕನ್ ಪಾಠ. ಜಪಾನಿನ ಒಳಗೂ ಐನು ಜನ ಇದ್ದಾರೆ, ಒಕಿನಾವಾದವರಿದ್ದಾರೆ, ಕೊರಿಯನ್ ಮೂಲದವರಿದ್ದಾರೆ, ಬ್ರೆಜಿಲ್‌ನಿಂದ ಬಂದವರ ಮಕ್ಕಳಿದ್ದಾರೆ. ಈ ವಾದದಲ್ಲಿ ಅವರಿಗೆ ಜಾಗ ಇಲ್ಲ. ಟಿಮ್ಸ್‌ನ ಮುಂದಿನ ವಿಡಿಯೋ ಅಧ್ಯಯನದಲ್ಲಿ 7 ದೇಶ ಪ್ರದೇಶಗಳನ್ನು ನೋಡಿದಾಗ, ಚೆನ್ನಾಗಿ ಕಲಿಯುವ ಎಲ್ಲ ಕಡೆ ಒಂದೇ ರೀತಿಯ ಪಾಠ ಇಲ್ಲ ಎಂಬುದೂ ಗೊತ್ತಾಯಿತು. ಅದರಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರು ಭಾಷೆಯ ತರಗತಿಗಳಿರುವ ಸ್ವಿಟ್ಜರ್‌ಲೆಂಡ್ ಕೂಡ ಇತ್ತು. ಆದರೆ ನಮ್ಮ ತರಬೇತಿಗಳಿಗೆ ತಲುಪಿದ್ದು ಮೊದಲ ಪುಸ್ತಕದ ‘ಜಪಾನ್ ಮಾದರಿ’ಯೇ.

3. ಸುತ್ತಳತೆ, ವಿಸ್ತೀರ್ಣ: ಒಂದು ಉದಾಹರಣೆ

ಕಾಸರಗೋಡಿಗೆ ಬರುವ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. 1994ರಲ್ಲಿ ಡಿಪಿಇಪಿ ಯೋಜನೆ ಕೇರಳಕ್ಕೆ ಬಂದಾಗ ಮೊದಲ ಹಂತದಲ್ಲೇ ಕಾಸರಗೋಡು, ವಯನಾಡು, ಮಲಪ್ಪುರಂ ಜಿಲ್ಲೆಗಳು ಇದ್ದವು. ಕ್ಲಸ್ಟರ್ ಎಂಬ ಶಬ್ದ ನಮ್ಮ ಟೀಚರುಗಳ ಬಾಯಿಗೆ ಬಂದದ್ದು ಆ ಕಾಲದಲ್ಲೇ. ಅಕ್ಕಪಕ್ಕದ ಶಾಲೆಯವರು ಆಗಾಗ ಒಂದೆಡೆ ಸೇರಿ ತಮ್ಮ ಪಾಠದ ಬಗ್ಗೆ ಮಾತಾಡುವುದು. ಕಾಗದದ ಮೇಲೆ ಇದು ಜುಗ್ಯೋ ಕೆಂಕ್ಯೂಗೆ ತೀರಾ ಹತ್ತಿರದ್ದು.

ಆದರೆ ವಿಷಯವಾರು ಕ್ಲಸ್ಟರಿನಲ್ಲಿ ಕನ್ನಡ ಮಾಧ್ಯಮದವರು ಒಬ್ಬಿಬ್ಬರೇ ಇದ್ದರೆ ಏನಾಗ್ತದೆ ಎಂಬುದು ಇಲ್ಲಿರುವ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಮಾತು ಮಲಯಾಳದಲ್ಲಿ ನಡೀತದೆ. ನಮ್ಮವರಿಗೆ ಮಲಯಾಳ ಬರ್ತದೆ, ಅರ್ಥ ಆಗದೆ ಹೋಗುವುದಿಲ್ಲ. ಯಾರೂ ಬೇಕೂಂತ ಹೊರಗಿಡುವುದೂ ಇಲ್ಲ. ಚಹಾ ಕುಡಿಯುವಾಗ ಎಲ್ಲರೂ ಸ್ನೇಹಿತರೇ. ಆದರೂ ಅಲ್ಲಿ ಸಂಶೋಧನೆಗೆ ಎತ್ತಿಕೊಂಡ ಪ್ರಶ್ನೆ ನಮ್ಮ ತರಗತಿಯ ಪ್ರಶ್ನೆ ಆಗಿರುವುದಿಲ್ಲ.

ಹೇಗೆ ಅಂತ ತೋರಿಸ್ತೇನೆ. ಸುತ್ತಳತೆ ಮತ್ತು ವಿಸ್ತೀರ್ಣ ಎರಡನ್ನೂ ಮಕ್ಕಳು ಗಲಿಬಿಲಿ ಮಾಡಿಕೊಳ್ಳುವುದು ಎಲ್ಲ ಭಾಷೆಯ ತರಗತಿಯಲ್ಲೂ ಇದೆ. ಮಲಯಾಳದ ಶಾಲಾ ಗಣಿತದಲ್ಲಿ ಸುತ್ತಳತೆಗೆ ‘ಚುಟ್ಟಳವ್’, ವಿಸ್ತೀರ್ಣಕ್ಕೆ ಹೆಚ್ಚಾಗಿ ‘ಪರಪ್ಪಳವ್’ ಅಂತಾರೆ. ಎರಡೂ ಮನೆಮಾತಿನ ಶಬ್ದಗಳು: ಒಂದು ಸುತ್ತಿನ ಅಳತೆ, ಇನ್ನೊಂದು ಹರವಿನ ಅಳತೆ. ಅರ್ಥ ಶಬ್ದದಲ್ಲೇ ಇದೆ, ಆದರೆ ಎರಡೂ ‘ಅಳವ್’ ಅಂತ ಮುಗೀತವೆ. ಅಲ್ಲಿ ಗೊಂದಲಕ್ಕೆ ಒಂದು ಕಾರಣ ಆ ಹೋಲಿಕೆಯೇ ಇರಬಹುದು. ಮಲಯಾಳದ ಶಿಕ್ಷಕಿ ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಎರಡು ‘ಅಳವ್’ಗಳನ್ನು ಹೇಗೆ ಬೇರೆ ಮಾಡಿ ತೋರಿಸಲಿ?

ಕನ್ನಡದಲ್ಲಿ ಪರಿಸ್ಥಿತಿ ಬೇರೆ. ‘ಸುತ್ತಳತೆ’ ಮಗುವಿಗೆ ಕೇಳಿದ ಕೂಡಲೇ ತಿಳೀತದೆ. ‘ವಿಸ್ತೀರ್ಣ’ ಸಂಸ್ಕೃತದಿಂದ ಬಂದ ಶಬ್ದ, ಅದರ ಒಳಗೆ ಮಗುವಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಹಾಗಾಗಿ ನಮ್ಮ ಮಗು ‘ವಿಸ್ತೀರ್ಣ’ವನ್ನು ಒಂದು ಸೂತ್ರವಾಗಿ, ಉದ್ದ ಗುಣಿಸು ಅಗಲ ಅಂತ ಬಾಯಿಪಾಠ ಮಾಡ್ತದೆ. ಉದ್ದ ಅಗಲ ಸಿಗದ ಆಕೃತಿ ಬಂದರೆ ನಿಂತುಬಿಡ್ತದೆ. ಕನ್ನಡ ಶಿಕ್ಷಕಿಯ ಪ್ರಶ್ನೆ: ‘ವಿಸ್ತೀರ್ಣ’ ಎಂಬ ಶಬ್ದಕ್ಕೆ ಮೊದಲು ಮಗುವಿಗೆ ಏನು ಗೊತ್ತಿದೆ?

ಮಗುವಿಗೆ ಗೊತ್ತಿರುವುದು ತುಂಬ ಇದೆ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮರಾಟಿ, ಮಲಯಾಳ ಯಾವುದೇ ಇರಲಿ, ‘ಹತ್ತು ಸೆಂಟ್ಸ್ ಜಾಗ’ ಎಂಬುದು ಎಲ್ಲರ ಮನೆಯಲ್ಲೂ ಕೇಳುವ ಮಾತು. 100 ಸೆಂಟ್ಸಿಗೆ 1 ಎಕ್ರೆ. ಬೇಲಿ ಹಾಕುವ ಖರ್ಚಿನ ಮಾತೂ ಕೇಳಿರ್ತದೆ. ಸೆಂಟ್ಸ್ ಅಂದರೆ ಹರವು, ಬೇಲಿ ಅಂದರೆ ಸುತ್ತು. ಹಾಗಾದರೆ ಪಾಠದ ಮುಖ್ಯ ಪ್ರಶ್ನೆ ಹೀಗಿರಬಹುದು: ‘ಇಬ್ಬರ ಹತ್ರ ಒಂದೇ ಸೆಂಟ್ಸ್ ಜಾಗ ಉಂಟು. ಇಬ್ಬರಿಗೂ ಬೇಲಿಗೆ ಒಂದೇ ಖರ್ಚು ಬರ್ತದಾ?’ ಚೌಕುಳಿ ಕಾಗದದಲ್ಲಿ 36 ಚೌಕ ಕೊಡಿ. 6ಕ್ಕೆ 6 ಇಟ್ಟರೆ ಸುತ್ತು 24. 4ಕ್ಕೆ 9 ಇಟ್ಟರೆ 26. 3ಕ್ಕೆ 12 ಇಟ್ಟರೆ 30. 2ಕ್ಕೆ 18 ಇಟ್ಟರೆ 40. ಹರವು ಒಂದೇ, ಬೇಲಿ ಬೇರೆ ಬೇರೆ. ‘ವಿಸ್ತೀರ್ಣ’ ಎಂಬ ಶಬ್ದ ಆಮೇಲೆ ಹಲಗೆಗೆ ಬರಲಿ, ‘ಹರವು’ ಎಂಬುದರ ಪಕ್ಕದಲ್ಲಿ. ಮಲಯಾಳದ ‘ಪರಪ್ಪ್’ ಮತ್ತು ನಮ್ಮ ‘ಹರವು’ ಅಕ್ಕತಂಗಿಯರು. ಎರಡೂ ಕಿವಿಗೆ ಬಿದ್ದಿರುವ ಗಡಿನಾಡ ಮಗುವಿಗೆ ಇದು ಲಾಭ, ನಷ್ಟ ಅಲ್ಲ.

ಟಿಮ್ಸ್ ವಿಡಿಯೋದಲ್ಲಿ ಸಾರ್ವಜನಿಕರಿಗೆ ಬಿಟ್ಟ ಒಂದು ಜಪಾನೀ ಪಾಠ ಇದೆ. ಇಬ್ಬರ ಜಾಗದ ನಡುವೆ ಡೊಂಕಾದ ಗಡಿ, ಯಾರ ವಿಸ್ತೀರ್ಣವೂ ಬದಲಾಗದ ಹಾಗೆ ಅದನ್ನು ನೇರ ಮಾಡಬೇಕು. ಸಮಾಂತರ ರೇಖೆಗಳ ನಡುವಿನ ತ್ರಿಕೋನಗಳ ಪಾಠ. ಬಹಳ ಚಂದದ ಸಮಸ್ಯೆ. ನಮ್ಮಲ್ಲಿ ಅದನ್ನು ಮಾಡಿದರೆ ಮಕ್ಕಳು ಮೊದಲು ‘ಸರ್ವೆ ಕಲ್ಲು ಎಲ್ಲಿ ಉಂಟು?’ ಅಂತ ಕೇಳಿಯಾರು. ಆ ಉತ್ತರವನ್ನು ಮುಂಚೆಯೇ ಊಹಿಸಿ ತಯಾರಾಗುವುದೇ ಪಾಠ ಸಂಶೋಧನೆ. ಹಾಗೆ ಊಹಿಸಲು ಗುಂಪಿನಲ್ಲಿರುವವರು ಆ ಮಕ್ಕಳ ಮಾತು ಕೇಳಿದವರಾಗಿರಬೇಕು.

4. ಅಲ್ಪಸಂಖ್ಯಾತರ ಪ್ರಶ್ನೆಯಿಂದ ಹುಟ್ಟಿದ ವಿಧಾನ

ಬಿ.ಎಡ್ ಮಾಡಿದ ಎಲ್ಲರೂ ‘ಕ್ರಿಯಾ ಸಂಶೋಧನೆ’ಯ ಫೈಲ್ ಬರೆದಿದ್ದೇವೆ. ಸಮಸ್ಯೆ, ಪ್ರಾಕಲ್ಪನೆ, ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ, ಉಪಸಂಹಾರ. ಈ ವಿಧಾನ ಎಲ್ಲಿಂದ ಬಂತು ಅಂತ ಫೈಲಿನಲ್ಲಿ ಒಂದು ಸಾಲು ಇರ್ತದೆ: ಕರ್ಟ್ ಲೆವಿನ್. ಆದರೆ 1946ರ ಅವನ ಆ ಲೇಖನದ ಶೀರ್ಷಿಕೆಯನ್ನು ಪೂರ್ತಿ ಓದಬೇಕು: ಕ್ರಿಯಾ ಸಂಶೋಧನೆ ಮತ್ತು ಅಲ್ಪಸಂಖ್ಯಾತರ ಸಮಸ್ಯೆಗಳು. ಲೆವಿನ್ ಜರ್ಮನಿ ಬಿಟ್ಟು ಅಮೆರಿಕಕ್ಕೆ ಬಂದ ಯಹೂದಿ. ಬೇರೆ ಬೇರೆ ಸಮುದಾಯಗಳು ಒಟ್ಟಿಗೆ ಇರುವ ಕಡೆ ದಿನನಿತ್ಯ ಕೆಲಸ ಮಾಡುವವರೇ ತಮ್ಮ ಕೆಲಸವನ್ನು ಪರೀಕ್ಷಿಸಿಕೊಳ್ಳುವ ದಾರಿ ಹುಡುಕ್ತಾ ಅವನು ಈ ವಿಧಾನವನ್ನು ಮುಂದಿಟ್ಟ.

1953ರಲ್ಲಿ ಸ್ಟೀಫನ್ ಕೋರಿ ಅದನ್ನು ಶಾಲೆಗೆ ತಂದ. ಅವನ ಪುಸ್ತಕದ ಶೀರ್ಷಿಕೆ ಶಾಲಾ ರೂಢಿಗಳ ಸುಧಾರಣೆಯ ಬಗ್ಗೆ. ಅಲ್ಪಸಂಖ್ಯಾತರು ಎಂಬ ಶಬ್ದ ಶೀರ್ಷಿಕೆಯಿಂದ ಬಿಟ್ಟುಹೋಯ್ತು. ನಮ್ಮ ಬಿ.ಎಡ್ ಫೈಲಿಗೆ ಬರುವ ಹೊತ್ತಿಗೆ ಆ ಪ್ರಶ್ನೆಯೇ ಬಿಟ್ಟುಹೋಗಿ, ‘ಕಾಗುಣಿತ ದೋಷ ನಿವಾರಣೆ’ ಉಳಿಯಿತು. ಹಾಗಾಗಿ ಗಡಿನಾಡಿನ ಶಿಕ್ಷಕರು ಭಾಷಾ ಅಲ್ಪಸಂಖ್ಯಾತ ತರಗತಿಯ ಪ್ರಶ್ನೆಯನ್ನು ಸಂಶೋಧನೆಗೆ ಎತ್ತಿಕೊಂಡರೆ ಅದು ವಿಧಾನದ ಹೊರಗಿನ ‘ಭಾಷಾಭಿಮಾನ’ ಅಲ್ಲ. ವಿಧಾನ ಶುರುವಾದದ್ದೇ ಅಲ್ಲಿಂದ.

5. ಗುಂಪಿನ ಮಾತು ಪುಸ್ತಕಕ್ಕೆ ತಲುಪಬೇಕು

‘ದಿ ಟೀಚಿಂಗ್ ಗ್ಯಾಪ್’ ಓದಿದರೆ ಗುಂಪು ಪಾಠವನ್ನು ತಿದ್ದುವುದು ಕಾಣ್ತದೆ. ಪಠ್ಯಪುಸ್ತಕವೇ ತಿದ್ದಬೇಕಾದ್ದಾಗಿದ್ದರೆ? ಇದಕ್ಕೆ ಉತ್ತರ ಜಪಾನಿಗಿಂತ ಹತ್ತಿರದಲ್ಲೇ ಇದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ 16 ಶಾಲೆಗಳಲ್ಲಿ ವಿಜ್ಞಾನ ಕಲಿಕೆಯ ಕಾರ್ಯಕ್ರಮ ಶುರುಮಾಡಿದವು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ಅಲ್ಲಿ ಹಳ್ಳಿ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಸೇರ್ತಿದ್ದರು. ಯಾವ ಪ್ರಯೋಗ ತರಗತಿಯಲ್ಲಿ ಕೈಕೊಟ್ಟಿತು, ಯಾವ ಪ್ರಶ್ನೆ ಮಕ್ಕಳಿಗೆ ಅರ್ಥ ಆಗಲಿಲ್ಲ ಎಂಬ ಮಾತು ಅಲ್ಲಿಂದ ‘ಬಾಲ್ ವೈಜ್ಞಾನಿಕ್’ ಪಠ್ಯಪುಸ್ತಕದ ಮುಂದಿನ ಆವೃತ್ತಿಗೆ ಹೋಗ್ತಿತ್ತು. 2002ರಲ್ಲಿ ರಾಜ್ಯ ಸರಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಆದರೂ 30 ವರ್ಷ ಅದು ತೋರಿಸಿದ್ದು ಇದು: ತನ್ನ ಮಾತಿಗೆ ಬೆಲೆ ಉಂಟು ಅಂತ ಗೊತ್ತಾದ ಗುಂಪು ಬದುಕ್ತದೆ. ಹಾಜರಿಗಾಗಿ ಸೇರುವ ಗುಂಪು ಬದುಕುವುದಿಲ್ಲ.

ನಮ್ಮ ಪುಸ್ತಕಗಳು ಕನ್ನಡಕ್ಕೆ ಅನುವಾದವಾಗಿ ಬರುವಂಥವು. ಅನುವಾದದ ಶಬ್ದ ತರಗತಿಯಲ್ಲಿ ಹೇಗೆ ಓಡಿತು, ಎಲ್ಲಿ ಮುಗ್ಗರಿಸಿತು ಎಂಬ ದಾಖಲೆಯನ್ನು ನಾವೇ ಮಾಡಬೇಕು, ನಮಗಾಗಿ ಬೇರೆ ಯಾರೂ ಮಾಡಲಾರರು. ‘ಈ ಶಬ್ದ ಸರಿ ಇಲ್ಲ’ ಅಂತ ಮನವಿ ಕೊಡುವುದು ಒಂದು. ‘ಈ ಶಬ್ದಕ್ಕೆ ಮಕ್ಕಳು ಹೀಗೆ ಹೀಗೆ ಉತ್ತರಿಸಿದರು, ಶಬ್ದ ಬದಲಿಸಿದಾಗ ಹೀಗೆ ಉತ್ತರಿಸಿದರು’ ಅಂತ ಐದು ಶಾಲೆಯ ಬರಹ ಕೊಡುವುದು ಇನ್ನೊಂದು. ಎರಡನೆಯದನ್ನು ತಳ್ಳಿಹಾಕುವುದು ಕಷ್ಟ.

6. ಏನು ಮಾಡಬಹುದು

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ವೃತ್ತಿ ಬೆಳವಣಿಗೆ ಅಂತ ಹೇಳ್ತದೆ. ಅದರಲ್ಲಿ ಹತ್ತು ಗಂಟೆ ನಮ್ಮದಾಗಿ ಸಿಕ್ಕರೂ ಸಾಕು. ಅಕ್ಕಪಕ್ಕದ ನಾಲ್ಕೈದು ಕನ್ನಡ ಮಾಧ್ಯಮ ಶಾಲೆಗಳು, ಒಂದು ವಿಷಯ, ಒಂದು ಅವಧಿಗೆ ಒಂದೇ ಪಾಠ. ಒಬ್ಬರು ಪಾಠ ಮಾಡಲಿ. ಉಳಿದವರು ಒಬ್ಬೊಬ್ಬರು ಎರಡೆರಡು ಮಕ್ಕಳ ಹತ್ತಿರ ಕೂತು, ಆ ಮಕ್ಕಳು ಆಡಿದ ಮಾತನ್ನು ಅವರ ಮಾತಲ್ಲೇ ಬರೆದುಕೊಳ್ಳಲಿ. ತುಳುವಿನಲ್ಲಿ ಹೇಳಿದ್ದರೆ ತುಳುವಿನಲ್ಲೇ. ಚರ್ಚೆ ಆ ಬರಹದಿಂದ ಶುರುವಾಗಲಿ.

ಒಂದು ಎಚ್ಚರಿಕೆಯೂ ಬೇಕು. ಕನ್ನಡದವರೇ ಸೇರಿದ ಗುಂಪು ಬಲುಬೇಗ ದೂರು ಹೇಳಿಕೊಳ್ಳುವ ಗುಂಪು ಆಗಿಬಿಡಬಹುದು. ನೇಮಕಾತಿ, ವರ್ಗಾವಣೆ, ಪುಸ್ತಕ ತಡವಾದದ್ದು, ಎಲ್ಲವೂ ನಿಜವಾದ ಸಂಕಟಗಳೇ, ಅದಕ್ಕೆ ಸಂಘಟನೆಗಳಿವೆ. ಇನ್ನೊಂದು ಅಪಾಯ, ಮಗುವಿನ ತುಳುವನ್ನೋ ಬ್ಯಾರಿಯನ್ನೋ ತಿದ್ದಿ ‘ಶುದ್ಧ ಕನ್ನಡ’ ಮಾಡುವುದನ್ನೇ ಸಂಶೋಧನೆ ಅಂದುಕೊಳ್ಳುವುದು. ಮಲಯಾಳದ ಸಭೆಯಲ್ಲಿ ನಮಗೆ ಆದದ್ದನ್ನೇ ಆಗ ನಾವು ಆ ಮಗುವಿಗೆ ಮಾಡಿದ ಹಾಗೆ ಆಗ್ತದೆ.

ಪ್ರಶ್ನೋತ್ತರದಿಂದ

ಪ್ರಶ್ನೆ (ಅಕ್ಕಲಕೋಟೆ ಕಡೆಯ ಶಿಕ್ಷಕಿ): ಸರ್, ನಮ್ಮಲ್ಲಿ ಬಾಲಭಾರತಿಯ ಕನ್ನಡ ಪುಸ್ತಕ ಇದೆ. ನೀವು ಹೇಳಿದ್ದು ನಮಗೆ ಹ್ಯಾಂಗ್ ಅನ್ವಯ ಆಗ್ತದ್ರಿ?

ಉತ್ತರ: ಒಳ್ಳೇ ಪ್ರಶ್ನೆ ಟೀಚರ್. ನಿಮ್ಮಲ್ಲೇ ಒಂದು ತಯಾರು ಉದಾಹರಣೆ ಉಂಟು. 2019ರಲ್ಲಿ 2ನೇ ತರಗತಿಯ ಮರಾಠಿ ಗಣಿತ ಪುಸ್ತಕದಲ್ಲಿ 21ನ್ನು ‘ಏಕವೀಸ್’ ಜತೆಗೆ ‘ವೀಸ್ ಏಕ್’ ಅಂತಲೂ ಓದುವ ಕ್ರಮ ತಂದಾಗ ದೊಡ್ಡ ಗದ್ದಲ ಆಯ್ತು. ಮರಾಠಿ ಮಗುವಿಗೆ ಅದು ನಿಜವಾದ ತೊಡಕು, ಯಾಕೆಂದರೆ ಅಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಕನ್ನಡದ ‘ಇಪ್ಪತ್ತೊಂದು’ ಮೊದಲಿನಿಂದಲೂ ಆ ಹೊಸ ಕ್ರಮದಲ್ಲೇ ಇದೆ. 19ನ್ನು ನೋಡಿ: ಮರಾಠಿಯ ‘ಏಕೋಣೀಸ್’ ಅಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ನಮ್ಮದು ಹತ್ತು, ಒಂಬತ್ತು. ಹಾಗಾದರೆ ನಿಮ್ಮ ಗುಂಪಿನ ಪ್ರಶ್ನೆ ಮರಾಠಿ ಪುಸ್ತಕದ ಪ್ರಶ್ನೆ ಆಗಿರಬೇಕಾಗಿಲ್ಲ. ಸಂತೆಯಲ್ಲಿ ಮರಾಠಿ ಸಂಖ್ಯೆ ಕೇಳಿ, ತರಗತಿಯಲ್ಲಿ ಕನ್ನಡದಲ್ಲಿ ಬರೆಯುವ ಮಗು 21ನ್ನು 12 ಅಂತ ಬರೀತದಾ ಇಲ್ವಾ? ಎರಡು ವಾರ ನೋಟ್‌ಬುಕ್ ನೋಡಿ ಬರೆದಿಡಿ. ಬರೆಯುವುದಿಲ್ಲ ಅಂತ ಕಂಡರೂ ಅದು ತಿಳಿದುಕೊಳ್ಳಬೇಕಾದ ಸಂಗತಿಯೇ.

ಪ್ರಶ್ನೆ (ಒಬ್ಬ ಸಂಶೋಧನಾ ವಿದ್ಯಾರ್ಥಿ): ಐದು ಶಾಲೆ, ಒಂದು ಪಾಠ. ಇದನ್ನು ಸಂಶೋಧನೆ ಅಂತ ವಿಶ್ವವಿದ್ಯಾಲಯ ಒಪ್ತದಾ?

ಉತ್ತರ: ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲೇ ಶಿಕ್ಷಕರನ್ನು ಸಂಶೋಧಕರು ಅಂತ ಕಂಡವರು. ಅವರ ಅಳತೆಗೋಲು ಸರಳ: ವಿಚಾರಣೆ ಕ್ರಮಬದ್ಧವಾಗಿರಬೇಕು, ಬೇರೆಯವರು ಪರೀಕ್ಷಿಸುವ ಹಾಗೆ ಹೊರಗೆ ಇಡಬೇಕು. ನಾವು ಸೋಲುವುದು ಹೆಚ್ಚಾಗಿ ಎರಡನೆಯದರಲ್ಲಿ. ಸಭೆ ಮುಗೀತದೆ, ಸಹಿ ಆಗ್ತದೆ, ಬರಹ ಉಳಿಯುವುದಿಲ್ಲ. ವಿಶ್ವವಿದ್ಯಾಲಯ ಒಪ್ಪುವುದು ಆಮೇಲಿನ ಮಾತು. ಕುಂಬಳೆಯ ಟೀಚರ್ ಬರೆದಿಟ್ಟದ್ದನ್ನು ತಾಳವಾಡಿಯ ಟೀಚರ್ ಓದಿ, ‘ನಮ್ಮ ಮಕ್ಕಳು ಹೀಗೆ ಹೇಳಲಿಲ್ಲ, ಹೀಗೆ ಹೇಳಿದರು’ ಅಂತ ಉತ್ತರ ಬರೆಯುವ ಹಾಗಾದರೆ ನನ್ನ ಲೆಕ್ಕದಲ್ಲಿ ಅದು ಸಂಶೋಧನೆ. ಇವತ್ತು ಈ ಪರದೆಯ ಮೇಲೆ ಇಬ್ಬರೂ ಇದ್ದೀರಿ. ಗೋಷ್ಠಿ ಮುಗಿದ ಮೇಲೆ ನಂಬರ್ ತೆಗೆದುಕೊಳ್ಳಿ. ಮೊದಲ ಪಾಠ ಸುತ್ತಳತೆಯದ್ದೇ ಇರಲಿ.